ಅತಿಥಿಗಳಿಗೆ ಊರು ತೋರಿಸಿದ ಅತ್ತೆ

ನಮ್ಮತ್ತೆಯ ಮೂಗಿನ ಎಡ ಹೊಳ್ಳೆ ಸೀಳಿ ಎರಡಾಗಿತ್ತು. ದ್ರಾಕ್ಷಿ ಹಾಕಿದ ಹೊಸದರಲ್ಲಿ ಬಳ್ಳಿ ಕಟ್ಟುವಾಗ ಅವರ ನತ್ತು ತಂತಿಗೆ ಸಿಕ್ಕಿತಂತೆ. ನಿಂತು ಬಿಡಿಸಿಕೊಳ್ಳುವ ತಾಳ್ಮೆಯಿಲ್ಲದೆ ತಲೆಯನ್ನೇ ಹಿಂದಕ್ಕೆ ಎಳೆದುಕೊಂಡರಂತೆ. ಹೊಲಿಗೆ ಹಾಕಿಸಿಕೊಳ್ಳಲಿಲ್ಲ. ಬಲಗಡೆ ಚುಚ್ಚಿಸಿಕೊಂಡು, ಮಾವನವರು ಇರುವವರೆಗೂ ಅಲ್ಲೇ ನತ್ತು ಹಾಕಿದರು. ಸಿಟ್ಟು ಬಂದಾಗ ಆ ಸೀಳು ಅಗಲವಾಗುತ್ತಿತ್ತು. ನಾನು ಮದುವೆಯಾಗಿ ಹೊಸಿಲು ದಾಟಿದ ದಿನವೇ ಅದನ್ನು ಕಂಡೆ. ನನ್ನ ಸೆರಗು ಮೂಸಿ, "ತಂಬಾಕಿನ ವಾಸನಿ ಬರತೈತಿ" ಎಂದರು.

ನನ್ನ ತವರು ನಿಪ್ಪಾಣಿ. ಅಲ್ಲಿ ಹುಟ್ಟಿದವಳ ಸೆರಗಿನಲ್ಲಿ ತಂಬಾಕಿನ ಘಾಟು ಇರದೆ ಮಲ್ಲಿಗೆ ಇರುತ್ತದೆಯೇ? ಎಂಬತ್ತರ ದಶಕದ ಕೊನೆಗೆ ಜುಗೂಳಿಗೆ, ಕೃಷ್ಣೆಯ ದಂಡೆಯ ಆ ಮನೆಗೆ ಬಂದೆ. ಮನೆ ಊರೊಳಗೆ, ದ್ರಾಕ್ಷಿ ಪಡ, ಅಂದರೆ ತೋಟ, ನೆರೆಯ ನೀರು ಏರದ ಎತ್ತರದ ಹೊಲದಲ್ಲಿ. ಅತ್ತೆಗೂ ನನಗೂ ಮೊದಲ ದಿನ ಕೂಡಿಬರಲಿಲ್ಲ, ಕೊನೆಯ ದಿನವೂ ಕೂಡಿಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಗೆ ಇಬ್ಬರೂ ತಬ್ಬಿಕೊಂಡು ಅಳುತ್ತಾರೆಂದು ಯಾರೂ ಕಾಯುತ್ತ ಕೂರಬಾರದು.

ಅವರು ನನ್ನನ್ನು ನೇರವಾಗಿ ಬೈದದ್ದು ಕಡಿಮೆ. ಬೈಗುಳವೆಲ್ಲ ಎಮ್ಮೆಯ ಮೂಲಕ ಬರುತ್ತಿತ್ತು. "ನೋಡವ್ವಾ, ಕೆಲವ್ರಿಗೆ ಹೊತ್ತ ಹೊಂಟಿದ್ದೂ ಗೊತ್ತಾಗೂದಿಲ್ಲ" ಎಂದು ಅದರ ಬೆನ್ನು ತಿಕ್ಕುತ್ತ ಹೇಳುವರು. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳಬೇಕು. ನಾನೂ ಬಿಡುತ್ತಿರಲಿಲ್ಲ, ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿಯುತ್ತಿದ್ದೆ. ನನ್ನ ಗಂಡನಿಗೆ ಸರಿಯಾಗಿ ಆ ಹೊತ್ತಿಗೇ ಹೊರಗಿನ ಕೆಲಸ ಯಾವುದೋ ನೆನಪಾಗುತ್ತಿತ್ತು.

ನಾವು ಹಸಿ ಹಣ್ಣು ಮಾರುವವರಲ್ಲ, ಒಣದ್ರಾಕ್ಷಿ ಮಾಡುವವರು. ಬೇಸಿಗೆಯಲ್ಲಿ ಗೊನೆ ಕೊಯ್ದು, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಒಣಗಿಸಿ, ಕಡೆಗೆ ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಕೊಡಬೇಕು. ಹೊಗೆ ತಾಗಿದರೆ ಕಾಳಿಗೆ ಹೊನ್ನಿನ ಬಣ್ಣ ಬರುತ್ತದೆ. ವ್ಯಾಪಾರಿ ಕೇಳುವುದೂ ಆ ಬಣ್ಣವನ್ನೇ. ಹೊಗೆ ಹಾಕುವ ಕೆಲಸ ಸೊಸೆಯದು ಎಂದು ನಾನು ಬಂದ ವರ್ಷವೇ ತೀರ್ಮಾನವಾಯಿತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ ಗಂಧಕ ಹಚ್ಚಬೇಕು; ಆಮೇಲೆ ಬಾಗಿಲು ತೆರೆದು, ಹೊಗೆ ಇನ್ನೂ ಇರುವಾಗಲೇ ತಟ್ಟೆಗಳನ್ನು ಹೊರಗೆ ತರಬೇಕು. ಕಣ್ಣು ಉರಿ, ಗಂಟಲಲ್ಲಿ ಕೆರೆತ. ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಕೆಮ್ಮು ಮಳೆಗಾಲದಲ್ಲೂ ನನ್ನನ್ನು ಬಿಡದಾಯಿತು. ಕೆಮ್ಮಿದಾಗಲೆಲ್ಲ ಅತ್ತೆ ಮುಖ ಆಚೆ ತಿರುಗಿಸುತ್ತಿದ್ದರು. ಅದನ್ನು ಅಸಹ್ಯ ಎಂದೇ ತಿಳಿದಿದ್ದೆ.

ತೊಂಬತ್ತರ ದಶಕದ ನಡುವೆ ಗಡಿಯಾಚೆಯ ಒಂದು ವೈನ್ ಕಾರ್ಖಾನೆಯ ಏಜೆಂಟ್ ಮನೆಗೆ ಬಂದ. ಪಡದ ಹಣ್ಣನ್ನೆಲ್ಲ ಹಸಿಯಾಗಿಯೇ ಕೊಯ್ದುಕೊಂಡು ಹೋಗುತ್ತೇವೆ, ವರ್ಷವರ್ಷವೂ ನಾವೇ ಕೊಳ್ಳುತ್ತೇವೆ ಎಂದ. ಅಂದರೆ ಅದ್ದುವುದಿಲ್ಲ, ಒಣಗಿಸುವುದಿಲ್ಲ, ಹೊಗೆ ಇಲ್ಲ. ನನಗೆ ಆ ಮನುಷ್ಯ ದೇವರಂತೆ ಕಂಡ. ನನ್ನ ಗಂಡನೂ ಒಪ್ಪಿದರು.

ಆದರೆ ನಾವು ಜೈನರು, ಅತ್ತೆ ಬಸದಿಯಲ್ಲಿ ಮುನಿಗಳ ಮುಂದೆ ನೇಮ ಹಿಡಿದವರು. "ಹಣ್ಣ ಕೊಳಸಿ, ಹುಳ ಹುಟ್ಟಿಸಿ ಕುಡಿಯೂದು. ಅದಕ್ಕ ನನ್ನ ಬಳ್ಳಿ ಹಣ್ಣ ಹೋಗಂಗಿಲ್ಲ" ಎಂದು ಎಮ್ಮೆಗೆ ಹೇಳಿದರು.

"ನಾವೇನ ಕುಡೀತೀವೇನಬೇ? ಮಾರೂದಷ್ಟ" ಎಂದರು ನನ್ನ ಗಂಡ.

"ವಿಷಾ ಮಾರಾಂವನೂ ಹಂಗ ಅಂತಾನ."

ಜಮೀನು ಆಗಲೇ ಮಗನ ಹೆಸರಿನಲ್ಲಿತ್ತು. ಬೇಡ ಎಂದು ಕಾಗದ ಹರಿಯುವ ಅಧಿಕಾರ ಅವರಿಗಿರಲಿಲ್ಲ. ಆಮೇಲೆ ಏಜೆಂಟ್ ಬಂದು, ಕಾರ್ಖಾನೆಯ ಮಾಲೀಕರೇ ಪುಣೆಯಿಂದ ಬರುತ್ತಾರೆ ಎಂದ. ಅವರಿಗೆ ಇನ್ನೊಂದು ಯೋಚನೆಯಿತ್ತು: ಪಟ್ಟಣದವರನ್ನು ಕಾರಿನಲ್ಲಿ ಕರೆತಂದು ದ್ರಾಕ್ಷಿ ಪಡ, ಹಳೆಯ ಊರು, ಹೊಳೆ, ಗುಡಿ ತೋರಿಸುವುದು. ಅದಕ್ಕೆ ಊರು ನೋಡಿ, ನಮ್ಮಲ್ಲಿ ಊಟ ಮಾಡಿ, ಕರಾರಿಗೆ ಸಹಿ ಹಾಕಿ ಹೋಗುತ್ತಾರೆ ಎಂದ. ಬಾಗಿಲ ಬಳಿ ಕುಳಿತಿದ್ದ ಅತ್ತೆ ಇದನ್ನು ಕೇಳಿ, "ಬರ್ಲಿ. ಊರ ನಾನ ತೋರಸ್ತೀನಿ" ಎಂದರು. ಮುದುಕಿ ಸೋತಳು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಸಂಕ್ರಾಂತಿ ಕಳೆದ ವಾರ ಒಂದು ಮಧ್ಯಾಹ್ನ ಅವರು ಬಂದರು: ಮಾಲೀಕರು, ಅವರ ಹೆಂಡತಿ, ಜೊತೆಗೆ ಏಜೆಂಟ್. ಮಿರಜಿನಲ್ಲಿ ನಾಷ್ಟಾ ಆಗಿದೆ, ಊರು ನೋಡಿ ಬಂದೇ ಉಣ್ಣುತ್ತೇವೆ ಎಂದರು. ನಾನು ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು ಎಲ್ಲ ಮಾಡಿ ಮುಚ್ಚಿಟ್ಟಿದ್ದೆ. ಹೆಂಗಸೊಬ್ಬರು ಜೊತೆಗಿದ್ದುದರಿಂದ ಗಂಡನೊಂದಿಗೆ ನಾನೂ ಹೊರಟೆ.

ಅತ್ತೆ ಊರು ತೋರಿಸಿದ ರೀತಿಯನ್ನು ಏನೆಂದು ಹೇಳಲಿ? ಹಳೆಯ ವಾಡೆಯ ಮುಂದೆ ನಿಲ್ಲಿಸಿ, ಕಟ್ಟಿದವರ ವಂಶ ಹೇಗೆ ಹಾಳಾಯಿತು ಎಂದು ಮೊದಲಿಂದ ಕೊನೆಯವರೆಗೆ ಹೇಳಿದರು. ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತೆಂದು ಗೋಡೆಯ ಕಲೆ ತೋರಿಸಿದರು. ಆ ಹೆಂಗಸು ತನ್ನ ತಲೆಯ ಮೇಲಿದ್ದ ಕಲೆಯನ್ನೇ ನೋಡುತ್ತ ನಿಂತರು. ಹೊಳೆಯ ಮೆಟ್ಟಿಲಿಳಿದಾಗ ದಂಡೆಯುದ್ದಕ್ಕೂ ಕಬ್ಬು ಬಿಳಿ ಸೂಲಂಗಿ ಹೂ ಬಿಟ್ಟಿತ್ತು, ನೀರು ತಿಳಿಯಾಗಿತ್ತು. ಮಾಲೀಕರು ಮರಾಠಿಯಲ್ಲಿ, ಎಷ್ಟು ಶಾಂತವಾದ ಜಾಗ ಎಂದರು.

"ಹೌದ್ರಿ," ಎಂದರು ಅತ್ತೆ, "ಮೊಸಳಿ ಅದಾವಲ್ರಿ, ಅದಕ್ಕ ಯಾರೂ ಗದ್ದಲಾ ಮಾಡೂದಿಲ್ಲ."

ಏಜೆಂಟ್ ಅದನ್ನು ಮರಾಠಿಗೆ ತಿರುಗಿಸಲೋ ಬೇಡವೋ ಎಂದು ಒದ್ದಾಡಿದ. ಅತ್ತೆಗೆ ಮರಾಠಿ ನೀರು ಕುಡಿದಷ್ಟು ಸಲೀಸು, ಬೇಕೆಂದೇ ಆಡಿರಲಿಲ್ಲ.

ಆಮೇಲೆ ಎಲ್ಲರನ್ನೂ ನಾವೆಗೆ ಹತ್ತಿಸಿದರು. ಎದುರು ದಂಡೆ ಖಿದ್ರಾಪುರ, ಮಹಾರಾಷ್ಟ್ರ. ಅಲ್ಲಿನ ಕಲ್ಲುಗುಡಿ ನೋಡದೆ ಹೋದರೆ ಬಂದದ್ದೇ ದಂಡ ಎಂದರು. ಮೊದಲು ಬಸದಿಗೆ ಕರೆದೊಯ್ದು ಉದ್ದಕ್ಕೆ ಕೂರಿಸಿದರು. ನಂತರ ದೊಡ್ಡ ಗುಡಿ. ಮೇಲ್ಛಾವಣಿಯ ನಡುವೆ ಆಕಾಶಕ್ಕೆ ತೆರೆದ ಆ ದುಂಡು ಮಂಟಪ, ಸುತ್ತ ನುಣ್ಣನೆಯ ಕಂಬಗಳು. ನಾನು ಎಷ್ಟು ಸಲ ನೋಡಿದರೂ ಅಲ್ಲಿ ಮಾತು ನಿಲ್ಲುತ್ತದೆ. ಅತ್ತೆ ಮಾತ್ರ ಅವರನ್ನು ಗುಡಿಯ ಸುತ್ತ ನಡೆಸಿ, ಗೋಡೆಯಡಿಯ ಕಲ್ಲಾನೆಗಳಲ್ಲಿ ಸೊಂಡಿಲು ಮುರಿದವನ್ನಷ್ಟೇ ಒಂದೊಂದಾಗಿ ತೋರಿಸಿದರು. ಮಂಟಪದ ತೆರಪಿನಿಂದ ಬೀಳುವ ಬಿಸಿಲು ಆಗಲೇ ಕಂಬದ ಬುಡ ಬಿಟ್ಟು ಮೇಲೇರಿತ್ತು. ಹೊತ್ತು ಇಳಿಯುತ್ತಿದೆ ಎಂದು ನನಗೆ ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಉಣ್ಣಲು ಬಡಿಸುವುದೂ ಇಲ್ಲ.

ಹೊಳೆಗೆ ಬಂದರೆ ಅಂಬಿಗನಿಲ್ಲ. "ಚಾ ಕುಡದ ಸಾವಕಾಶ ಬಾ ಅಂತ ಕಳಸೀನಿ" ಎಂದರು ಅತ್ತೆ.

ನಾನು ಅವರ ಕಿವಿಯ ಬಳಿ, "ಅತ್ತ್ಯಾರ, ಹೊತ್ತ ಮುಳಗಾಕ ಬಂತ್ರಿ" ಎಂದೆ.

"ಮುಳಗ್ಲಿ. ದಿನಾ ಮುಳಗತೈತಿ."

ನನ್ನ ಗಂಡ ಅಂಬಿಗನನ್ನು ಹುಡುಕಿಕೊಂಡು ಓಡಿದರು. ನಾವೆ ನಡುಹೊಳೆಗೆ ಬರುವಾಗ ನೀರೆಲ್ಲ ಕೆಂಪಾಗಿತ್ತು. ಆ ಹೆಂಗಸು ಹಸಿವೆಯಲ್ಲೂ, ಎಷ್ಟು ಚಂದ ಎಂದರು. ಮನೆಯ ಹೊಸಿಲಿಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಅತ್ತೆ ತಿರುಗಿ ನಿಂತು, ಆ ದಿನ ಮೊದಲ ಬಾರಿಗೆ ಶುದ್ಧ ಮರಾಠಿಯಲ್ಲಿ ಅವರಿಗೆ ಹೇಳಿದರು: "ಸೂರ್ಯ ಬುಡಾಲಾ. ಆತಾ ಆಮಚ್ಯಾ ಘರೀ ಜೇವಣ ನಾಹೀ." ಸೂರ್ಯ ಮುಳುಗಿದ, ಇನ್ನು ನಮ್ಮ ಮನೆಯಲ್ಲಿ ಊಟವಿಲ್ಲ.

ಮಾಲೀಕರು ತಮಾಷೆಯೆಂದು ತಿಳಿದರು. ಅತ್ತೆಯ ಮೂಗು ನೋಡಿದ ಮೇಲೆ ತಮಾಷೆಯಲ್ಲವೆಂದು ಗೊತ್ತಾಯಿತು. ಒಂದು ಗುಟುಕು ನೀರು ಕೂಡ ಕುಡಿಯದೆ ಕಾರು ಹತ್ತಿದರು. ಬಂದವರನ್ನು ಉಪವಾಸ ಕಳಿಸುವ ಮನೆಯ ವ್ಯವಹಾರವೇ ಬೇಡವಂತೆ ಎಂದು ಏಜೆಂಟ್ ಆಮೇಲೆ ಹೇಳಿಕಳಿಸಿದ. ನಮಗೆ ತಂಗಳೂ ವರ್ಜ್ಯ, ಹೀಗಾಗಿ ಮರುದಿನ ಹೋಳಿಗೆಯನ್ನು ಎಮ್ಮೆ ತಿಂದಿತು.

ಕಾರು ಹೋದ ಮೇಲೆ ಅಂಗಳದಲ್ಲೇ ನಿಂತು ನಾನು ಮೊದಲ ಬಾರಿಗೆ ಅವರ ಮುಖಕ್ಕೆ ಮುಖ ಕೊಟ್ಟು ಕೂಗಾಡಿದೆ. "ನಿಮ್ಮ ನೇಮ ಉಳೀತಲ್ರಿ. ಇನ್ನ ಹೊಗಿ ಯಾರ ಕುಡೀಬೇಕು? ನಾನ ಕುಡೀಬೇಕು. ನೀವು ಪುಣ್ಯಾ ಮಾಡ್ರಿ, ನಾ ಕೆಮ್ಮಿ ಸಾಯ್ತೀನಿ." ಅವರು ಕಾಲು ತೊಳೆದುಕೊಂಡು ಒಳಗೆ ಹೋದರು.

ಆ ಬೇಸಿಗೆಯಲ್ಲಿ ಗಂಧಕದ ಕೋಣೆಯ ಕೀಲಿ ಅವರ ಸೆರಗಿನ ತುದಿಗೆ ಹೋಯಿತು. ನನ್ನನ್ನು ಬಾಗಿಲ ಹತ್ತಿರವೂ ಬಿಡಲಿಲ್ಲ. "ನಿಪ್ಪಾಣಿಯವ್ರಿಗೆ ಬಣ್ಣ ತಿಳಿಯೂದಿಲ್ಲವ್ವಾ, ಮಾಲ ಕೆಡಸ್ತಾರ" ಎಂದು ಎಮ್ಮೆಗೆ ಕಾರಣ ಹೇಳಿದರು. ಇದೂ ಒಂದು ಅವಮಾನ ಎಂದುಕೊಂಡೆ. ಕೆಲಸ ತಪ್ಪಿತಲ್ಲ ಎಂದು ಸುಮ್ಮನಾದೆ. ಅವರೇ ಹೊಗೆ ಹಚ್ಚಿದರು, ಅವರೇ ತಟ್ಟೆ ಹೊತ್ತರು, ಬೇಸಿಗೆಯ ಮೇಲೆ ಬೇಸಿಗೆ. ನನ್ನ ಕೆಮ್ಮು ನಿಂತಿತು. ಅವರಿಗೆ ದಮ್ಮು ಶುರುವಾಯಿತು.

ಉಸಿರು ತೀರಾ ಕಷ್ಟವಾದಾಗ ಮಿರಜಿನ ಡಾಕ್ಟರರಿಗೆ ತೋರಿಸಲು ನಾನೇ ಕರೆದುಕೊಂಡು ಹೋದೆ. ಡಾಕ್ಟರರು ಎಲ್ಲ ಕೇಳಿ, ಈ ವಯಸ್ಸಿನಲ್ಲಿ ಗಂಧಕದ ಹೊಗೆಯಲ್ಲಿ ನಿಮಗೇನು ಕೆಲಸ, ಮನೆಯಲ್ಲಿ ಸೊಸೆ ಇಲ್ಲವೇ ಎಂದರು. ಅತ್ತೆ ಗೋಡೆ ನೋಡುತ್ತ, "ಅದಾಳ್ರಿ. ಅಕಿ ಎದಿ ಗಟ್ಟಿ ಇಲ್ಲ. ಅಕಿ ಕೆಮ್ಮೂದು ನನಗ ಕೇಳಾಕ ಆಗೂದಿಲ್ಲ" ಎಂದರು. ನಾನು ಪಕ್ಕದಲ್ಲೇ ಕುಳಿತಿದ್ದೆ.

ಬಸ್ಸಿನಲ್ಲಿ ಬರುವಾಗ, ನಾಳೆಯಿಂದ ಕೀಲಿ ನನಗೆ ಕೊಡಿ ಎಂದೆ. ಅವರು ಉಸಿರು ಕೂಡಿಸಿಕೊಂಡು ಹೇಳಿದರು: "ನೇಮ ನಂದು. ಹೊಗಿನೂ ನಂದ." ಕೀಲಿ ಕಟ್ಟಿದ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಇನ್ನೊಂದು ಬೇಸಿಗೆ ಅವರು ನೋಡಲಿಲ್ಲ. ದುಃಖ ಕೇಳಲು ಬಂದ ಹೆಂಗಸರು, ತಾಯಿಯಂತಿದ್ದರಲ್ಲವೇ ಎಂದರು. ಇಲ್ಲ ಎಂದೆ. ತಾಯಿಯಂತೆ ಒಂದು ದಿನವೂ ಇರಲಿಲ್ಲ. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಅದರಲ್ಲೂ ಆ ಹೊಗೆಯ ವಿಷಯದಲ್ಲಿ. ನನಗೆ ಹೇಳದೆ, ಕೇಳದೆ ನನ್ನ ಪಾಲಿನದನ್ನೂ ತಾವೇ ಕುಡಿದರು. ಕೇಳಿದ್ದರೆ ನಿಮ್ಮ ಹಂಗು ಬೇಡ ಎನ್ನುತ್ತಿದ್ದೆ. ಅದು ಗೊತ್ತಿದ್ದೇ ಅವರು ಕೇಳಲಿಲ್ಲ.

ಹಣ್ಣು ಬಲಿಯುವ ಹೊತ್ತಿಗೆ ನನ್ನ ಗಂಡ, ಈಗ ಆ ಏಜೆಂಟನನ್ನು ಮತ್ತೆ ಕರೆಸೋಣವೇ ಎಂದು ಕೇಳಿದರು. ಇನ್ನು ತಡೆಯುವವರು ಯಾರೂ ಇರಲಿಲ್ಲ. ನಾನು ಬೇಡ ಎಂದೆ. ಗಂಧಕವನ್ನೂ ಬಿಟ್ಟೆವು. ನಮ್ಮ ಒಣದ್ರಾಕ್ಷಿ ಈಗ ಕಂದು ಬಣ್ಣದ್ದು, ವ್ಯಾಪಾರಿಗಳು ಅದನ್ನು ಕಂಡು ಮೂಗು ಮುರಿಯುತ್ತಾರೆ. ಮುರಿಯಲಿ. ಬದುಕಿದ್ದಾಗ ಅವರೊಂದಿಗೆ ಗೆಲ್ಲಲಾಗದ ಜಗಳವನ್ನು, ಅವರಿಲ್ಲದಾಗ, ಅವರು ಉಳಿಸಿಕೊಟ್ಟ ಉಸಿರಿನಿಂದಲೇ ಗೆಲ್ಲುವಷ್ಟು ಕೆಟ್ಟವಳು ನಾನಲ್ಲ.