ಛತ್ರಿಯ ಕೆಳಗೆ ಹಾದ ಹತ್ತನೇ ಕೋಳಿ

ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ಹತ್ತರಲ್ಲಿ ಒಂದು ಎಷ್ಟು ಎಂಬ ಲೆಕ್ಕ ನನಗೆ ಬರುತ್ತದೆ, ಚರ್ಚಿಗೆ ಹೋಗುವವರಿಗೆ ಬರಲೇಬೇಕು. ಗಳಿಸಿದ್ದರಲ್ಲಿ ಹತ್ತನೇ ಪಾಲು ದೇವರದು, ಅದಕ್ಕೆ ದಶಮಾಂಶ ಅನ್ನುತ್ತಾರೆ. ತಿಂಗಳಿಗೊಂದು ಲಕೋಟೆ ಕೊಡುತ್ತಾರೆ, ಅದರಲ್ಲಿಟ್ಟು ಕೊಡಬೇಕು. ನನ್ನ ಮಗ ಮದುವೆಗೆ ಪೆಂಡಾಲು ಹಾಕುವವನು. ಆ ವರ್ಷ ಅವನ ಮಾಲೀಕ ಕಂಬ, ಬಟ್ಟೆ ಎಲ್ಲ ಮಾರಿ ಬಾಗಿಲು ಮುಚ್ಚಿದ. ಮಗ ಮನೆಯಲ್ಲಿ ಕುಳಿತ. ಸೊನ್ನೆಯಲ್ಲಿ ಹತ್ತನೇ ಪಾಲು ಎಷ್ಟಾಗುತ್ತದೆ ಎಂದು ಲಕೋಟೆ ಕೂಡಿಸಲು ಬರುವ ಸಭಾ ಹಿರಿಯರನ್ನು ಕೇಳಿದೆ. ಅವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ಕೇಳಿದ್ದಕ್ಕೆ ಉತ್ತರ ಕೊಡದೆ ಬಿಡುವುದಿಲ್ಲ. ಸ್ವಲ್ಪ ಯೋಚಿಸಿ, ಸೊನ್ನೆಯೇ ಆಗುತ್ತದೆ ಎಂದರು. ಹಾಗಾದರೆ ತಗೊಳ್ಳಿ ಎಂದು ಖಾಲಿ ಲಕೋಟೆಗೆ ಅಂಟು ಹಚ್ಚಿ ಕೊಟ್ಟೆ. ರಸೀದಿ ಕೊಟ್ಟರು. ಮೂರು ತಿಂಗಳು ಹೀಗೇ ನಡೆಯಿತು.

ನಾಲ್ಕನೇ ತಿಂಗಳು ಪಾಸ್ಟರ್ ಇದರ ಮೇಲೇ ಪ್ರಸಂಗ ಮಾಡಿದರು. ರೊಕ್ಕ ಇಲ್ಲದಿದ್ದರೇನು, ಹಿಂದಿನ ಕಾಲದವರು ಕುರಿ ಕೊಡುತ್ತಿದ್ದರು ಎಂದರು. ಕುರಿ ಕಾಯುವವನು ಕೋಲು ಅಡ್ಡ ಹಿಡಿಯಬೇಕು, ಕುರಿಗಳು ಅದರ ಕೆಳಗೆ ಹಾಯಬೇಕು, ಹತ್ತನೆಯದು ದೇವರದು. ದಪ್ಪವೋ ಬಡಕಲೋ ನೋಡುವಂತಿಲ್ಲ. ಬದಲಿ ಕೊಡಲು ಹೋದರೆ ಎರಡೂ ದೇವರಿಗೇ. ಇಷ್ಟು ಹೇಳಿ ಅವರು ನನ್ನ ಕಡೆ ನೋಡಿದರು. ನೋಡಿಲ್ಲ ಎಂದಳು ಸೊಸೆ. ನೋಡಿದ್ದರು.

ನನ್ನಲ್ಲಿ ಕುರಿ ಇಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಕುರಿ ಕಟ್ಟಿದರೆ ಮನುಷ್ಯರು ಹೊರಗೆ ಮಲಗಬೇಕು. ಹಿತ್ತಲಲ್ಲಿ ಒಂಬತ್ತು ಜವಾರಿ ಕೋಳಿಗಳಿದ್ದವು. ಅವುಗಳ ತತ್ತಿಯನ್ನು ವಿದ್ಯಾನಗರದ ಮನೆಗಳಿಗೆ ಮಾರಿ ಆಗ ನಮ್ಮ ಒಲೆ ಉರಿಯುತ್ತಿತ್ತು. ತತ್ತಿಯಲ್ಲಿ ಹತ್ತನೆಯದು ಕೊಡಬಹುದಿತ್ತಲ್ಲ ಅನ್ನಬಹುದು. ಹಿರಿಯರು ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೆ ಒಂಬತ್ತು ಕೋಳಿಯಲ್ಲಿ ಹತ್ತನೆಯದು ಇರುವುದಿಲ್ಲ. ಇದು ಹೊಳೆದಾಗ ನನಗೆ ಬಹಳ ಸಮಾಧಾನವಾಯಿತು. ಹಿರಿಯರು ಬಂದಾಗ ನಾನೇ ಮಾತು ತೆಗೆದೆ.

"ಕೋಲು ಹಿಡೀರಿ, ಎಣಿಸ್ರಿ. ಹತ್ತನೇದು ಬಂದ್ರ ಒಯ್ರಿ. ಬರ್ಲಿಲ್ಲಂದ್ರ ಇನ್ನ ಲಕೋಟಿ ಸುದ್ದಿ ತೆಗೀಬ್ಯಾಡ್ರಿ."

ಅವರು ಚೇಷ್ಟೆ ತಿಳಿಯುವ ಮನುಷ್ಯರಲ್ಲ. ಕೈಯಲ್ಲಿದ್ದ ಛತ್ರಿಯನ್ನೇ ಗೂಡಿನ ಬಾಗಿಲಿಗೆ ಅಡ್ಡ ಹಿಡಿದು ನಿಂತರು. ಕೋಳಿಗಳು ಒಂದೊಂದಾಗಿ ಹೊರಬಂದವು, ಅವರು ಗಟ್ಟಿಯಾಗಿ ಎಣಿಸಿದರು. ಒಂಬತ್ತು ಎಂದದ್ದೇ ತಡ, ಬಾಗಿಲು ಮುಚ್ಚಲು ಕೈ ಹಾಕಿದೆ. ಆಗ ಒಳಗಿನಿಂದ ಕೆಂಪು ಕೋಳಿಯೊಂದು ಕತ್ತು ಚಾಚಿ, ಆಚೀಚೆ ನೋಡಿ, ನಿಧಾನಕ್ಕೆ ಛತ್ರಿಯ ಕೆಳಗೆ ಹಾದು ಬಂತು.

ಅದು ನನ್ನದಲ್ಲ. ಪಕ್ಕದ ಮನೆಯ ಅಕ್ಕನದು.

ಅಕ್ಕನವರು ಲಿಂಗ ಕಟ್ಟುವ ಜನ. ಮಗನದು ಕಾಳಿನ ವ್ಯಾಪಾರ, ಬಲು ಕಟ್ಟುನಿಟ್ಟಿನವನು. ಅವನ ಮನೆಯಲ್ಲಿ ತತ್ತಿ ಎಂಬ ಮಾತೂ ಆಡುವಂತಿಲ್ಲ. ಅಕ್ಕ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಾಗ, ಎಲುಬು ಕೂಡಬೇಕಾದರೆ ದಿನಕ್ಕೊಂದು ತತ್ತಿ ತಿನ್ನಬೇಕು ಎಂದು ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದರು. ನನ್ನ ಕೋಳಿಗಳ ತತ್ತಿ ಬೇಡ ಎಂದಳು, ಅವು ಹುಳ ತಿನ್ನುತ್ತವಂತೆ. ತನ್ನ ರೊಕ್ಕದಲ್ಲೇ ಒಂದು ಕೋಳಿ ತರಿಸಿ ನನ್ನ ಗೂಡಿನಲ್ಲಿ ಬಿಟ್ಟಳು, ಮಗನ ಅಂಗಡಿಯ ಜೋಳ ಕೊಟ್ಟಳು. ಅದು ಜೋಳ ಬಿಟ್ಟು ಬೇರೇನೂ ತಿನ್ನಬಾರದು ಎಂದು ಕರಾರು. ಕೋಳಿಗೆ ಕರಾರು ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ದಿನಾ ಬೆಳಿಗ್ಗೆ ವಾಟಿಯಲ್ಲಿ ತತ್ತಿ ಇಟ್ಟು, ಮೇಲೆ ಕರಿಬೇವು ಮುಚ್ಚಿ, ಗೋಡೆಯ ಮೇಲಿಂದ ದಾಟಿಸುತ್ತಿದ್ದೆ. ಅವಳು ಅದನ್ನು ಹಸಿಯಾಗಿಯೇ ಹಾಲಿಗೆ ಹಾಕಿ ಮೂಗು ಹಿಡಿದು ಕುಡಿಯುತ್ತಿದ್ದಳು. ಆ ಕೋಳಿ ನನ್ನದಲ್ಲವೆಂದು ಎಣಿಕೆಗೇ ಹಿಡಿದಿರಲಿಲ್ಲ, ಅದಕ್ಕೇ ಮರೆತೆ.

ಅಕ್ಕ ಗೋಡೆಯಾಚೆ ನಿಂತು ಎಲ್ಲ ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಮಗನೂ ಇದ್ದ. ಕೋಳಿ ಯಾರದೆಂದು ಹೇಳಿದರೆ ಅವಳ ಮಾನ ಓಣಿಯ ಪಾಲು. ಆ ಕೆಂಪನೆಯದು ಬೇಡ, ಈ ಕಪ್ಪನೆಯದನ್ನು ಒಯ್ಯಿರಿ ಎಂದು ಹಿರಿಯರಿಗೆ ಹೇಳಿದೆ.

"ಬದ್ಲಿ ಕೊಟ್ರ ಎರಡೂ ಒಯ್ಬೇಕಾಗ್ತೈತಿ ಬಾಯಾರ. ಪ್ರಸಂಗದಾಗ ಕೇಳೀರಿಲ್ಲ?"

ಬರುವ ಭಾನುವಾರ ಚರ್ಚಿನಲ್ಲಿ ಸುಗ್ಗಿ ಹಬ್ಬ. ಜನ ತಂದ ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲವನ್ನೂ ಅಂಗಳದಲ್ಲಿ ಲಿಲಾವು ಹಾಕುತ್ತಾರೆ, ಹೆಚ್ಚು ಬೆಲೆ ಕೂಗಿದವರಿಗೆ ಕೊಡುತ್ತಾರೆ. ಇದೂ ಲಿಲಾವಿಗೆ ಎಂದು ಗೋಡೆಯಾಚೆಗೂ ಕೇಳುವಂತೆ ಹೇಳಿ ಹಿರಿಯರು ಕೋಳಿಯನ್ನು ಬಗಲಲ್ಲಿಟ್ಟು ಹೋದರು.

ಮಗ ಅಂಗಡಿಗೆ ಹೋದ ಮೇಲೆ ಅಕ್ಕ ಗೋಡೆಗೆ ಬಂದಳು.

"ನಿಮ್ಮ ದೇವರಿಗೆ ಕಣ್ಣು ಕಾಣೂದಿಲ್ಲೇನ? ಯಾರ ಕೋಳಿ ಯಾವುದಂತ ತಿಳಿಯೂದಿಲ್ಲೇನ?"

"ಛತ್ರಿ ಹಿಡಿದಾಂವ ಹಿರ್ಯಾ, ದೇವರಲ್ಲ," ಎಂದೆ.

ವಾರವಿಡೀ ಅವಳು ಬರೀ ಹಾಲು ಕುಡಿದಳು, ನನ್ನ ಜೊತೆ ಮಾತು ಬಿಟ್ಟಳು. ಭಾನುವಾರ ನಾನು ಎರಡು ವಾರದ ತತ್ತಿಯ ರೊಕ್ಕವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋದೆ. ದೇವರಿಗೆ ಕೊಡಲಿಕ್ಕಲ್ಲ, ದೇವರಿಂದ ಬಿಡಿಸಿಕೊಳ್ಳಲಿಕ್ಕೆ.

ಕೋಳಿಯನ್ನು ಕುಂಬಳಕಾಯಿಯ ಪಕ್ಕದಲ್ಲಿ ಮೇಜಿನ ಮೇಲಿಟ್ಟಿದ್ದರು. ಖಾನಾವಳಿ ನಡೆಸುವವನೊಬ್ಬ ಮೊದಲು ಕೂಗಿದ. ಸಾರಿಗೆ ಎಷ್ಟಾದೀತು ಎಂದು ಅದರ ತೊಡೆ ಬೇರೆ ಒತ್ತಿ ನೋಡಿದ್ದ. ನಾನು ಐವತ್ತು ಏರಿಸಿದೆ, ಅವನು ಬಿಟ್ಟ. ಗೆದ್ದೆ ಅನ್ನುವಷ್ಟರಲ್ಲಿ ಹೆಂಗಸರ ಹಿಂದಿನಿಂದ ಒಂದು ಸಣ್ಣ ದನಿ ಮತ್ತೆ ಐವತ್ತು ಏರಿಸಿತು. ತಿರುಗಿ ನೋಡಿದರೆ ಮೂಗಿನ ತನಕ ಸೆರಗು ಇಳಿಬಿಟ್ಟವಳೊಬ್ಬಳು. ನಾನು ಏರಿಸಿದೆ, ಅವಳು ಏರಿಸಿದಳು. ಬೆಲೆ ಆಡಿನ ಮರಿಯ ಬೆಲೆಗೆ ಬಂತು. ಯಾವಳೋ ಅವಳು, ಮನೆಯಲ್ಲಿ ಉಣ್ಣಲು ಏನೂ ಇಲ್ಲವೇನೋ ಎಂದು ನಾನು ಎಲ್ಲರಿಗೂ ಕೇಳುವಂತೆಯೇ ಅಂದೆ. ನನ್ನ ಗಂಟು ಸಾಲದಾಯಿತು. ಕೋಳಿ ಅವಳದಾಯಿತು. ಅವಳು ಮುಂದೆ ಬಂದು ಕೋಳಿಗೆ ಕೈ ಚಾಚಿದಾಗ ನೋಡಿದೆ, ಮುಂಗೈಗೆ ಪಟ್ಟಿ ಕಟ್ಟಿತ್ತು.

ಇಂಥ ಕಷ್ಟಕಾಲದಲ್ಲೂ ಈ ತಾಯಿಯ ಮನೆಯ ಕೋಳಿ ಎಲ್ಲಕ್ಕಿಂತ ಹೆಚ್ಚು ಬೆಲೆ ತಂದಿದೆ ಎಂದು ಪಾಸ್ಟರ್ ನನ್ನನ್ನು ತೋರಿಸಿ ಹೇಳಿದರು. ಕೋಳಿಯೂ ಅಕ್ಕನದು, ರೊಕ್ಕವೂ ಅಕ್ಕನದು, ಚಪ್ಪಾಳೆ ನನಗೆ. ನಾನು ತಿದ್ದಲಿಲ್ಲ. ಗಂಟು ಹಾಗೇ ಮನೆಗೆ ಬಂತು, ಅದರಲ್ಲಿ ಅಕ್ಕಿ ತಂದೆ.

ಆಟೋದಲ್ಲಿ ಬರುವಾಗ ಅಕ್ಕ ದಾರಿಯುದ್ದಕ್ಕೂ ಬೈದಳು. ನಾನು ಸುಮ್ಮನಿದ್ದರೆ ಅರ್ಧ ಬೆಲೆಗೆ ಸಿಗುತ್ತಿತ್ತಂತೆ. ನೀನು ಬರುತ್ತೇನೆ ಎಂದು ಹೇಳಿದ್ದರೆ ನಾನು ಏಕೆ ಕೂಗುತ್ತಿದ್ದೆ ಎಂದೆ. ಕೋಳಿ ಇಬ್ಬರ ನಡುವೆ ಕುಳಿತು ಆಟೋದವನ ಹೆಗಲು ನೋಡುತ್ತಿತ್ತು. ಓಣಿಯ ತಿರುವಿನಲ್ಲೇ ಅವಳ ಮಗ ನಿಂತಿದ್ದ. ಇನ್ನು ಬಚ್ಚಿಡುವ ಮಾತೇ ಇರಲಿಲ್ಲ. ನಾನು ಆಟೋದ ಒಳಗೇ ಸರಿದು ಕುಳಿತೆ. ಅವಳು ಮಾತ್ರ ಕೋಳಿಯನ್ನು ಅಪ್ಪಿಕೊಂಡೇ ಇಳಿದಳು.

"ದೇವರ ಲಿಲಾವದಾಗ ಬಂದದ್ದಪಾ ಇದು. ಬಿಟ್ಟು ಬಂದಿದ್ರ ಖಾನಾವಳ್ಯಾಂವ ಕೊಯ್ತಿದ್ದ. ಒಂದು ಜೀವಾ ಉಳಿಸೇನಿ. ಹೊರಗ ಹಾಕ್ತೇನಿ ಅಂದ್ರ ಹಾಕು. ಯಾರ ದೇವರು ಸಿಟ್ಟಾಗ್ತಾನ ನನಗ ಗೊತ್ತಿಲ್ಲ."

ಕೊಯ್ಯುವವನ ಕೈಯಿಂದ ಬಿಡಿಸಿದ ಜೀವವನ್ನು ಹೊರಹಾಕುವುದು ಮಗನ ಕಟ್ಟುನಿಟ್ಟಿಗೂ ಹೊಂದಲಿಲ್ಲ. ಒಳಗೆ ಹೋಗಿ ಒಂದು ಬುಟ್ಟಿ ತಂದ.

ಎರಡು ದಿನಕ್ಕೆ ಕೋಳಿ ಬುಟ್ಟಿಯಲ್ಲಿ ತತ್ತಿ ಇಟ್ಟಿತು. ಅವನು ಅದನ್ನು ಟವೆಲಿನಲ್ಲಿ ಹಿಡಿದುಕೊಂಡು ಗೋಡೆಗೆ ಬಂದು, ಇದನ್ನು ಏನು ಮಾಡಬೇಕ್ರಿ ಎಂದು ನನ್ನನ್ನೇ ಕೇಳಿದ. ನಿಮ್ಮ ತಾಯಿಯ ಎಲುಬಿಗೆ ಇದು ಬಲು ಒಳ್ಳೆಯ ಔಷಧ, ಡಾಕ್ಟರನ್ನು ಕೇಳಿ ನೋಡು ಎಂದೆ. ಕೇಳಿ ಬಂದ. ಔಷಧ ಎಂದ ಮೇಲೆ ಅವನದೂ ತಕರಾರು ಇರಲಿಲ್ಲ.

ಕುದಿಸುವುದು ಹೇಗೆಂದು ತೋರಿಸಲು ನನ್ನನ್ನು ಕರೆದರು. ಅಡುಗೆಮನೆಗಲ್ಲ, ಹಿತ್ತಲಿಗೆ. ಮೂರು ಇಟ್ಟಿಗೆ ಇಟ್ಟು, ಒಡೆದ ಅಂಚಿನ ಪಾತ್ರೆಯೊಂದನ್ನು ಕೊಟ್ಟಿದ್ದರು. ಕುದಿಸಿ, ಸಿಪ್ಪೆ ಸುಲಿದು, ಉಪ್ಪು ಹಾಕಿ ಕೊಟ್ಟೆ. ಅಕ್ಕ ಮೂಗು ಹಿಡಿದು ಕಚ್ಚಿದಳು. ಅಗಿದಳು, ಮೂಗು ಬಿಟ್ಟಳು. ಪೂರ್ತಿ ತಿಂದು ನನ್ನನ್ನು ದಿಟ್ಟಿಸಿ ನೋಡಿದಳು.

"ಇಷ್ಟ್ ದಿನಾ ಹಸೀದು ಕುಡಿಸಿದೆಲ್ಲ ನನಗ. ಇಷ್ಟು ರುಚಿ ಇರ್ತೈತಿ ಅಂತ ಒಂದ್ಸಲನೂ ಹೇಳ್ಲಿಲ್ಲ."

ನೀನು ಕೇಳಲಿಲ್ಲ ಎಂದು ಹೇಳಿ, ನಾನು ಇಟ್ಟಿಗೆಯ ಕೆಳಗಿನ ಬೆಂಕಿಗೆ ನೀರು ಹಾಕಿದೆ.