ಸಾಕ್ಷಿ ಸಹಿ ಹಾಕದ ನೀಲಾಂಬಿಕಾ

ನೀಲಾಂಬಿಕಾಳ ಬಾಯಿಗೆ ಹೆದರದವರು ಆ ಆಸ್ಪತ್ರೆಯಲ್ಲಿ ಯಾರೂ ಇಲ್ಲ. ಗದಗಿನ ಹೆಣ್ಣುಮಗಳು, ಈಗ ಅಮೆರಿಕದ ಬೋಲಿಂಗ್‌ಬ್ರೂಕಿನವಳು, ನರ್ಸ್ ಆಗಿ ಇಪ್ಪತ್ತೆರಡು ವರ್ಷ. ಆಪರೇಷನ್ನಿಗೆ ಹೋಗುವವರನ್ನು ಅಣಿಮಾಡುವ ವಾರ್ಡು ಅವಳದು. "ಸುಮ್ನ ಇರಾಕ ಬರಂಗಿಲ್ಲೇನ ನಿನಗ? ಊರ ಉಸಾಬರಿ ಯಾಕ ಬೇಕ?" ಎಂದು ಗಂಡ ಕಲ್ಮೇಶ್ ದಿನಾ ಗೊಣಗುತ್ತಾನೆ. ಸುಮ್ಮನಿರುವುದನ್ನು ನರ್ಸಿಂಗ್ ಕಾಲೇಜಿನಲ್ಲಿ ಕಲಿಸಲಿಲ್ಲ ಎನ್ನುತ್ತಾಳೆ ಅವಳು.

ಆ ಮಂಗಳವಾರ ಬೆಳಿಗ್ಗೆ ಅವಳ ಪಾಲಿಗೆ ಬಂದವಳು ಒಫೇಲಿಯಾ. ಮೆಕ್ಸಿಕೋದವಳು, ಮೂವತ್ನಾಲ್ಕು ವರ್ಷ, ಗೋದಾಮಿನಲ್ಲಿ ಪೆಟ್ಟಿಗೆ ತುಂಬುವ ಕೆಲಸ. ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಗರ್ಭಕೋಶದಲ್ಲಿ ಗಡ್ಡೆ, ನಿಲ್ಲದ ರಕ್ತಸ್ರಾವ. ಗರ್ಭಕೋಶವನ್ನೇ ತೆಗೆಯುವುದೆಂದು ಸರ್ಜನ್ ಬದರೀನಾಥ ತೀರ್ಮಾನಿಸಿದ್ದರು. ಅವರು ಮೈಸೂರಿನವರು, ಕನ್ನಡ ಸಂಘದಲ್ಲಿ ದೊಡ್ಡ ಹೆಸರು. ಹಾಸಿಗೆಯ ಪಕ್ಕ ನಿಂತು, ತಮಗೆ ಬರುವ ಹತ್ತು ಸ್ಪ್ಯಾನಿಷ್ ಪದಗಳಲ್ಲೇ ಎರಡು ನಿಮಿಷ ವಿವರಿಸಿ ಮುಗಿಸಿದರು. ಒಫೇಲಿಯಾ ಪ್ರತಿ ಮಾತಿಗೂ ನಕ್ಕು ತಲೆಯಾಡಿಸಿದಳು. ತೋರಿಸಿದ ಕಡೆ ಸಹಿಯನ್ನೂ ಹಾಕಿದಳು. ಇನ್ನು ಒಪ್ಪಿಗೆ ಪತ್ರಕ್ಕೆ ಬೇಕಾಗಿದ್ದದ್ದು ನರ್ಸಿನ ಸಾಕ್ಷಿ ಸಹಿ.

ನೀಲಾಂಬಿಕಾ ಪೆನ್ನಿಗೆ ಮುಚ್ಚಳ ಹಾಕಿದಳು.

"ಈಕಿಗೆ ಏನೂ ತಿಳಿದಿಲ್ಲರೀ ಡಾಕ್ಟರ್. ದುಭಾಷಿ ಬರಲಿ."

"ಇಪ್ಪತ್ತು ನಿಮಿಷ ಕಾಯ್ಬೇಕು ನೀಲಾಂಬಿಕಾ ಅವ್ರೇ, ಓಟಿ ರೆಡಿ ಇದೆ. ಯೆಸ್ ಅಂದಾಯ್ತಲ್ಲ! ಕಲ್ಚರ್ ಟ್ರೈನಿಂಗ್ ನಾನೂ ಮಾಡಿದೀನಿ. ಮೆಕ್ಸಿಕೋ ಕಡೆ ಪೇಷೆಂಟ್ಸ್, ಡಾಕ್ಟರ್ ಹೇಗೆ ಅಂತ ಕೇಳೋ ಸರ್ವೇಲಿ ನಂಗೆ ಐದಕ್ಕೆ ಐದು ಕೊಡ್ತಾರೆ, ಗೊತ್ತಾ?"

ಕೊಡದೆ ಏನು ಮಾಡುತ್ತಾರೆ, ಪಾಪ! ಓದಿದವರ ಮುಂದೆ ಎದುರಾಡುವುದು ಮರ್ಯಾದೆಯಲ್ಲ ಎಂದು ಬೆಳೆದವರು, ಕಾಗದದಲ್ಲೂ ತಲೆಯಾಡಿಸಿಯೇ ಬರುತ್ತಾರೆ. ಇದನ್ನು ನೀಲಾಂಬಿಕಾಳಿಗೆ ಯಾವ ಟ್ರೈನಿಂಗೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಸೋದರತ್ತೆ ಶಾಂತವ್ವ ಊರಿನ ದವಾಖಾನೆಯಲ್ಲಿ ಹೀಗೆಯೇ "ಹೂಂನ್ರಿ, ಹೂಂನ್ರಿ" ಎಂದು ಹೆಬ್ಬೆಟ್ಟು ಒತ್ತಿದ್ದಳು. ತೆಗೆದದ್ದು ಗರ್ಭಕೋಶವನ್ನೇ ಎಂದು ಅವಳಿಗೆ ಗೊತ್ತಾದದ್ದು ಮೂರು ವರ್ಷದ ಮೇಲೆ. ಅಲ್ಲಿಯತನಕ ಮಗುವಾಗಲೆಂದು ಸೋಮವಾರ ಸೋಮವಾರ ಉಪವಾಸ ಮಾಡಿದ್ದಳು.

"ನಾ ಸಹಿ ಹಾಕಂಗಿಲ್ಲ," ಎಂದಳು.

"ನಮ್ಮವರಾಗಿ ನೀವೇ ಹೀಗೆ ಮಾಡೋದಾ? ಮ್ಯಾನೇಜರ್‌ಗೆ ಕಂಪ್ಲೇಂಟ್ ಹೋಗತ್ತೆ. ನಿಮ್ಮ ಕೆಲಸಕ್ಕೇ ಸಂಚಕಾರ."

"ಹೋಗಲಿ ಬಿಡ್ರಿ. ಬರೆಯೂಮುಂದ ನನ್ನ ಹೆಸರು ಸರಿಯಾಗಿ ಬರೀರಿ."

ಬದರೀನಾಥ ಸಿಟ್ಟಿನಿಂದ ಫೋನು ತೆಗೆದರು. ಕೆಲಸ ಹೋದರೇನು ಗತಿ ಎಂಬ ಭಯ ನೀಲಾಂಬಿಕಾಳಿಗೂ ಇತ್ತು, ಸುಳ್ಳೇಕೆ ಹೇಳಲಿ. ಆದರೂ ಹೋಗಿ, ದುಭಾಷಿ ಮಾತಾಡುವ ವಿಡಿಯೋ ಪರದೆಯ ಗಾಲಿಸ್ಟ್ಯಾಂಡನ್ನು ತಾನೇ ದಬ್ಬಿಕೊಂಡು ಬಂದು ಹಾಸಿಗೆಯ ಪಕ್ಕ ನಿಲ್ಲಿಸಿದಳು.

ಇಪ್ಪತ್ತು ನಿಮಿಷಕ್ಕೆ ಪರದೆಯ ಮೇಲೆ ಹೆಂಗಸೊಬ್ಬಳು ಬಂದಳು. ಕೇಳುವುದೇನಾದರೂ ಇದೆಯೇ ಎಂದು ಸ್ಪ್ಯಾನಿಷ್‌ನಲ್ಲಿ ವಿಚಾರಿಸಿದಳು. ಒಫೇಲಿಯಾ ಮೊದಲು ಡಾಕ್ಟರ ಮುಖ ನೋಡಿದಳು, ಆಮೇಲೆ ನೀಲಾಂಬಿಕಾಳದು. ನೀಲಾಂಬಿಕಾ ಅವಳ ಕೈ ಹಿಡಿದುಕೊಂಡಳು. ಒಫೇಲಿಯಾ ಮೆಲ್ಲಗೆ ಏನೋ ಕೇಳಿದಳು.

"ಗಡ್ಡೆ ತೆಗೆದ ಮೇಲೆ ಎಷ್ಟು ತಿಂಗಳು ಬಿಟ್ಟು ಮಗು ಮಾಡಿಕೊಳ್ಳಬಹುದು ಎಂದು ಕೇಳುತ್ತಿದ್ದಾರೆ," ಎಂದಳು ದುಭಾಷಿ.

ಬದರೀನಾಥ ತಡವರಿಸುತ್ತ ನಿಜ ಹೇಳಿದರು: ತೆಗೆಯುವುದು ಗರ್ಭಕೋಶವನ್ನೇ, ಆಮೇಲೆ ಮಗುವಾಗದು. ದುಭಾಷಿ ಅದನ್ನು ದಾಟಿಸುತ್ತಿದ್ದಂತೆ ಒಫೇಲಿಯಾಳ ನಗು ಆರಿತು. ಎದ್ದು ಕುಳಿತಳು. ಒಪ್ಪಿಗೆ ಪತ್ರವನ್ನು ಎಳೆದುಕೊಂಡು ತನ್ನ ಸಹಿಯ ಮೇಲೆ ಉದ್ದಕ್ಕೆ ಗೆರೆ ಎಳೆದಳು.

"ನೋ," ಎಂದಳು.

ಆಮೇಲೆ ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಗಡ್ಡೆಯನ್ನಷ್ಟೇ ತೆಗೆಯಲು ಆಗುವುದಿಲ್ಲವೇ? ಆಗುವುದಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ? ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತಿದ್ದಳು. ಡಾಕ್ಟರು ಗಡಿಯಾರ ನೋಡಿ ಹೊರಡುವವರಂತೆ ತಿರುಗಿದರು.

ನೀಲಾಂಬಿಕಾ ಕುರ್ಚಿಯೊಂದನ್ನು ಎಳೆದು ಅವರ ದಾರಿಗೇ ಅಡ್ಡ ಹಾಕಿದಳು.

"ಕೂಡ್ರಿ ಡಾಕ್ಟರ್. ಆಕಿ ಇನ್ನೂ ಕೇಳಾಕತ್ತಾಳ."

ಬದರೀನಾಥ ಕುಳಿತರು.