ಮಾವನ ಗಿಟಾರಿನ ಕತ್ತು

ಆ ಬೀದಿಯಲ್ಲಿ ಗಿಟಾರ್ ಮಾಡುವ ಅಂಗಡಿ ಇರುವುದು ಒಂದೇ. ಒಳಗೆ ಕಾಲಿಟ್ಟವರಿಗೆ ಮೊದಲು ಸಿಗುವುದು ಮರದ ಪುಡಿಯ ಸೀನು, ಆಮೇಲೆ ತೇಪೆ. ತೇಪೆ ಎಂದರೆ ಆ ಮನೆಯ ಸೊಸೆ. ಹೆತ್ತವರು ಇಟ್ಟ ಚೆಂದದ ಹೆಸರೊಂದು ಇದೆ, ಆದರೆ ಈಗ ಆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡಲಿಕ್ಕಿಲ್ಲ. ಈ ಹೆಸರನ್ನು ದಯಪಾಲಿಸಿದವರು ಅವಳ ಮಾವ.

ಅವಳು ಮಾಡುವುದು ಗಿಟಾರಿನ ಕತ್ತು ಮಾತ್ರ. ಎಡಗೈ ಹಿಡಿಯುವ ಆ ಉದ್ದನೆಯ ಭಾಗವನ್ನು ತಂತಿಗಳು ಹಗಲೂ ರಾತ್ರಿ ಜಗ್ಗುತ್ತಲೇ ಇರುತ್ತವೆ. ಮಾವ ತಮ್ಮ ಕಾಲದಲ್ಲಿ ಅದನ್ನು ಒಂದೇ ಮರದ ತುಂಡಿನಿಂದ ಕೆತ್ತುತ್ತಿದ್ದರು. ಸೊಸೆಯ ದಾರಿ ಬೇರೆ. ತವರಿನಲ್ಲಿ ಅಪ್ಪ ಮೇಜು, ಬಾಗಿಲು ಮಾಡುವವನು. ಒಂಟಿ ಹಲಗೆಯನ್ನು ನಂಬಬೇಡ ಎಂದು ಹೇಳಿ ಹೇಳಿಯೇ ಅವಳನ್ನು ಬೆಳೆಸಿದವನು. ಅವಳು ಹಲಗೆಯನ್ನು ಉದ್ದಕ್ಕೆ ಮೂರು ಪಟ್ಟಿಯಾಗಿ ಸೀಳಿ, ನಡುವಿನದನ್ನು ತಲೆಕೆಳಗು ಮಾಡಿ, ಮತ್ತೆ ಅಂಟಿಸುತ್ತಾಳೆ. ಆಗ ಒಂದು ಪಟ್ಟಿ ಆ ಕಡೆ ಬಾಗಲು ಹೊರಟರೆ ಪಕ್ಕದ್ದು ಈ ಕಡೆ ಎಳೆದು ನಿಲ್ಲಿಸುತ್ತದೆ.

“ಹರಿಯದ ಬಟ್ಟೆಗೆ ಯಾರಾದ್ರೂ ತೇಪೆ ಹಾಕ್ತಾರೇನಮ್ಮಾ?” ಎಂದು ಮಾವ ಮೊದಲ ದಿನವೇ ಕೇಳಿದ್ದರು. ಅವಳು ಕಾರಣ ವಿವರಿಸಲು ಶುರುಮಾಡಿದರೆ ಉಜ್ಜುಗೊರಡು ಎತ್ತಿಕೊಂಡು ಜೋರಾಗಿ ಮರ ಉಜ್ಜುತ್ತಿದ್ದರು. ಮದುವೆಯಾಗಿ ಮಗಳು ಕಾಲೇಜು ಮುಗಿಸುವಷ್ಟು ಕಾಲ ಕಳೆದರೂ ಆ ವಿವರಣೆ ಒಮ್ಮೆಯೂ ಕೊನೆ ಮುಟ್ಟಿರಲಿಲ್ಲ.

ಹಾಗೆಂದು ಅವರಿಬ್ಬರದು ಹಾವು ಮುಂಗುಸಿ ಸಂಬಂಧ ಎಂದುಕೊಳ್ಳಬೇಡಿ. ಉಳಿ ಮಸೆಯುವುದನ್ನು, ಮರವನ್ನು ಬೆರಳಿನಿಂದ ತಟ್ಟಿ ಕೇಳುವುದನ್ನು ಅವಳಿಗೆ ಕಲಿಸಿದವರು ಅವರೇ. ಅದಕ್ಕಿಂತ ಹೆಚ್ಚಾಗಿ, ಅಂಗಡಿ ಮುಚ್ಚಿದ ಮೇಲೆ ಮಾವ ದಿನವೂ ಕಿಟಕಿ ಬಳಿ ಕೂತು ಗಿಟಾರ್ ನುಡಿಸುತ್ತಿದ್ದರು. ಯಾರ ಪರಿಚಯವೂ ಇಲ್ಲದ ಮನೆಗೆ ಹೊಸದಾಗಿ ಬಂದ ಹುಡುಗಿ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳುತ್ತ ಕೇಳುತ್ತಲೇ ಈ ಮನೆಯವಳಾದಳು.

ಆ ಸಂಜೆಗಳೇ ಈಗ ನಿಂತುಹೋಗಿದ್ದವು. ಅವಳ ಗಂಡ ಹುಟ್ಟಿದ ವರ್ಷ ಮಾವ ತಮಗಾಗಿ ಮಾಡಿಕೊಂಡಿದ್ದ ಗಿಟಾರಿನ ಕತ್ತು ನಿಧಾನವಾಗಿ ತಿರುಚಿಕೊಂಡಿತ್ತು. ದಪ್ಪ ತಂತಿ ಮುಟ್ಟಿದರೆ ಗಿರ್ರ್ ಎನ್ನುತ್ತಿತ್ತು. ಕುಣಿಯಲಾರದವರು ನೆಲ ಡೊಂಕು ಎನ್ನುತ್ತಾರೆ. ಮಾವ ಮಾತ್ರ ನೆಲವೇ ಡೊಂಕಾಗಿದ್ದರೂ ತಮ್ಮ ಕಾಲೇ ಸರಿಯಿಲ್ಲ ಎಂದರು. “ಬೆರಳು ನೋವು ಕಣಮ್ಮಾ” ಎಂದು ಗೋಡೆಗೆ ದಪ್ಪ ಮೊಳೆ ಹೊಡೆದು ಗಿಟಾರನ್ನು ನೇತುಹಾಕಿಬಿಟ್ಟರು. ಕತ್ತು ಬದಲಾಯಿಸೋಣ ಎಂದವರ ಮೇಲೆ ಹರಿಹಾಯ್ದರು. ಸಂಜೆ ಸುಮ್ಮನೆ ಕಿಟಕಿ ಬಳಿ ಕೂತಿರುವ ಮಾವನನ್ನು ನೋಡಿದರೆ ತೇಪೆಗೆ ಅಡುಗೆಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಕೊನೆಗೆ ಅವಳು ಕೇಳುವುದನ್ನು ಬಿಟ್ಟು ಹೊಸ ಕತ್ತು ಮಾಡಲು ಕೂತಳು. ಅಟ್ಟದ ಮೇಲೆ ಮಾವ ಜೋಪಾನವಾಗಿಟ್ಟಿದ್ದ ಹಳೆಯ ಹಲಗೆಯೊಂದಿತ್ತು. “ತಗೊಳ್ಲಾ ಮಾವ?” ಎಂದಳು. ಯಾರಿಗೆ ಎಂದು ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಹಲಗೆಯ ಮೇಲೆ ಪೆನ್ಸಿಲಿನಿಂದ ದೊಡ್ಡ ತ್ರಿಕೋನ ಬರೆದು, ಮೂರಾಗಿ ಸೀಳಿ, ನಡುವಿನ ಪಟ್ಟಿ ತಿರುಗಿಸಿಟ್ಟಳು. ತ್ರಿಕೋನ ಬರೆಯುವುದು ಆ ಅಂಗಡಿಯ ಹಳೆಯ ರೂಢಿ, ಸೀಳಿದ ತುಂಡುಗಳು ಅದಲುಬದಲಾಗದಿರಲಿ ಎಂದು. ಮಾವನ ಲೆಕ್ಕದಲ್ಲಿ ತ್ರಿಕೋನ ಕೂಡಿದರೆ ಕೆಲಸ ಸರಿ. ಸೊಸೆಯ ಲೆಕ್ಕದಲ್ಲಿ ಅದು ಮುರಿದರೆ ಸರಿ, ನಡುವಿನ ಪಟ್ಟಿ ತಿರುಗಿದೆ ಎಂದು. ಪಟ್ಟಿಗಳ ಮೇಲೆ ಬಟ್ಟೆ ಮುಚ್ಚಿ ಅವಳು ಊಟಕ್ಕೆ ಹೋದಳು.

ಬಂದವಳು ಅಂಟು ಕಲಸಿದಳು. ಅಂಟು ಯಾರಿಗೂ ಕಾಯುವುದಿಲ್ಲ; ಗುರುತನ್ನು ಮತ್ತೊಮ್ಮೆ ನೋಡಲಿಲ್ಲ. ಪಟ್ಟಿಗಳನ್ನು ಇಟ್ಟಿದ್ದ ಸಾಲಿನಲ್ಲೇ ಮಗ್ಗುಲಿಗೆ ಹೊರಳಿಸಿ, ಗುರುತು ಗೋಡೆಯ ಕಡೆ ಬರುವಂತೆ ನಿಲ್ಲಿಸಿ, ಬಳಿದು, ಒತ್ತಿ, ಕ್ಲ್ಯಾಂಪು ಬಿಗಿದಳು. ಮರುದಿನ ಬಿಚ್ಚಿ ಈ ಕಡೆ ತಿರುಗಿಸಿದಳು. ತ್ರಿಕೋನ ಇಡಿಯಾಗಿ, ಅಚ್ಚುಕಟ್ಟಾಗಿ ಅವಳನ್ನೇ ನೋಡುತ್ತಿತ್ತು. ನಡುವಿನ ಪಟ್ಟಿ ತಿರುಗಿರಲೇ ಇಲ್ಲ. ಆ ಹಲಗೆಯ ಎಳೆಗಳು ಒಂದೇ ಕಡೆಗೆ ಓರೆಯಾಗಿದ್ದವು; ಕೆಲವು ವರ್ಷಗಳಲ್ಲಿ ಇದೂ ಹಳೆಯದರಂತೆಯೇ ತಿರುಚಿಕೊಳ್ಳುವುದು ಖಂಡಿತ.

ಪಾಲಿಶ್ ಹಚ್ಚುತ್ತಿದ್ದ ಗಂಡ ಬಂದು ನೋಡಿದ. “ಅಪ್ಪನ ಕಾಲಕ್ಕೆ ಇಷ್ಟು ಸಾಕು ಬಿಡೇ” ಎಂದ.

ಅವಳಿಗೆ ಎಲ್ಲಿತ್ತೋ ಸಿಟ್ಟು. “ಅವರ ಕಾಲ ಎಷ್ಟು ಅಂತ ನಿಮಗೆ ಯಾರು ಬಂದು ಹೇಳಿದ್ರು? ಇನ್ನೂ ಇಪ್ಪತ್ತು ವರ್ಷ ಅವರು ನುಡಿಸ್ಬೇಕು ಅಂತಾನೇ ನಾನು ಇದನ್ನ ಮಾಡ್ತಿರೋದು!”

ಬಾಗಿಲಲ್ಲಿ ಲೋಟದ ಸದ್ದಾಯಿತು. ಮಾವ ಚಹಾ ಹಿಡಿದುಕೊಂಡು ನಿಂತಿದ್ದರು.

“ನನಗಾ ಮಾಡ್ತಿದ್ದೀಯ?”

ಅವಳು ಹೌದೆಂದು ತಲೆಯಾಡಿಸಿದಳು.

ಮಾವ ಮೇಜಿನ ಬಳಿ ಬಂದು ತ್ರಿಕೋನ ನೋಡಿದರು. “ಇದನ್ನ ಕೂಡಿಸಿಟ್ಟವನು ನಾನೇ ಕಣಮ್ಮಾ. ಬಟ್ಟೆ ಎತ್ತಿ ನೋಡಿದೆ, ಗುರುತು ಮುರಿದಿತ್ತು. ಅವಸರದಲ್ಲಿ ತಪ್ಪಿದ್ದೀಯ ಅಂದ್ಕೊಂಡೆ. ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಸರಿ ಮಾಡಿ, ಮತ್ತೆ ಮುಚ್ಚಿಟ್ಟೆ.”

“ಅದು ಮುರೀಲೇಬೇಕು ಮಾವ! ಎಷ್ಟು ಸಲ ಹೇಳಿದ್ದೀನಿ!”

“ಕೇಳಿಸ್ಕೊಂಡಿದ್ರೆ ತಾನೇ” ಎಂದರು ಮಾವ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ದನಿಯಲ್ಲಿ. “ಈಗ ಹೇಳು. ಕೇಳ್ತೀನಿ.”

ತೇಪೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ. ಮಾವ ಚಹಾ ಆರಿಸಿಕೊಂಡು ಕೇಳಿದರು.

ಮಾಡಿದ್ದನ್ನು ಬಿಡಿಸುವುದೊಂದೇ ಉಳಿದಿತ್ತು. ಅಂಟಿನ ಗೆರೆಯಲ್ಲೇ ಗರಗಸ ಹಾಕಿ ಮತ್ತೆ ಸೀಳಿದಳು. ಆದರೆ ಗರಗಸವೂ ತನ್ನ ಪಾಲು ತಿನ್ನುತ್ತದಲ್ಲ. ನಡುವಿನ ಪಟ್ಟಿ ತೆಳ್ಳಗಾಗಿ ಕೆಲಸಕ್ಕೆ ಬಾರದಂತಾಯಿತು. ಅಷ್ಟು ಹಳೆಯ, ಚೆನ್ನಾಗಿ ಒಣಗಿದ ಮರ ಅಂಗಡಿಯಲ್ಲಿ ಇನ್ನೊಂದು ತುಂಡೂ ಇರಲಿಲ್ಲ. ಅವಳು ಎರಡು ಪಟ್ಟಿ ಕೈಯಲ್ಲಿ ಹಿಡಿದು ಕೂತುಬಿಟ್ಟಳು.

ಮಾವ ಒಳಗೆ ಹೋದರು. ಹಿಂತಿರುಗಿದಾಗ ಗೋಡೆಯ ಮೇಲಿದ್ದ ಗಿಟಾರ್ ಅವರ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲೆ ಮಲಗಿಸಿ, ಕತ್ತಿನ ಉದ್ದಕ್ಕೂ ಒಮ್ಮೆ ಹೆಬ್ಬೆರಳು ಆಡಿಸಿದರು.

“ಇದಕ್ಕಿಂತ ಒಣಗಿದ ಮರ ನಿನಗೆಲ್ಲಿ ಸಿಗುತ್ತೆ? ಬಿಚ್ಚು.”

“ಮಾವ, ಇದನ್ನ ಸೀಳ್ಬೇಕಾಗುತ್ತೆ.”

“ಗೊತ್ತು.”

“ನಿಮ್ಮ ಕೈಯಾರೆ ಕೆತ್ತಿದ್ದು...”

“ಕೈಯಾರೆ ಕೆತ್ತಿದ್ದು ಮೊಳೆಗೆ ನೇತಾಡ್ತಿತ್ತು. ಇಪ್ಪತ್ತು ವರ್ಷ ನುಡಿಸ್ಬೇಕು ಅಂತ ನೀನೇ ತಾನೇ ಹೇಳಿದ್ದು? ಬೇಗ ಮಾಡು, ಹೊತ್ತು ಹೋಗ್ತಾ ಇದೆ.”

ಆವಿ ಹಿಡಿದು ಹಳೆಯ ಅಂಟು ಮೆತ್ತಗಾಗಿಸಿ ಕತ್ತು ಬಿಚ್ಚಿದರು. ಅದರಿಂದ ನೇರವಾದ ಒಂದು ಪಟ್ಟಿ ತೆಗೆದಳು. ಅಂಟು ಬಳಿಯುವ ಹೊತ್ತಿಗೆ ಮಾವ ಅಂಗಿಯ ತೋಳು ಮಡಿಚಿ ಎದುರು ನಿಂತರು. ಎಂದೂ ಕತ್ತಿಗೆ ಪಟ್ಟಿ ಅಂಟಿಸದವರು ಆ ನಡುವಿನ ಪಟ್ಟಿಯನ್ನು ತಾವೇ ಎತ್ತಿ, ತಲೆಕೆಳಗು ಮಾಡಿ, ಎರಡರ ಮಧ್ಯೆ ಕೂರಿಸಿದರು. “ಹೀಗೆ ತಾನೇ?” ಎಂದರು. “ಹೀಗೇ” ಎಂದಳು. ಮಾವ ಒಂದು ಕಡೆ, ಸೊಸೆ ಒಂದು ಕಡೆ ಕ್ಲ್ಯಾಂಪು ಬಿಗಿದರು.

ತಂತಿ ಕಟ್ಟಿದ ಸಂಜೆ ಮಾವ ಕಿಟಕಿ ಬಳಿ ಕೂತರು. ತೇಪೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ಕಿವಿಯಾಗಿ ನಿಂತಿದ್ದಳು. ದಪ್ಪ ತಂತಿ ತುಂಬಿದ ದನಿಯಲ್ಲಿ ನುಡಿಯಿತು. ಹಳೆಯ ಧಾಟಿಯೊಂದು ಶುರುವಾಗಿ ಅರ್ಧಕ್ಕೇ ನಿಂತಿತು. ಅವಳ ಕೈಯೂ ನಿಂತಿತು.

“ತೇಪೇ” ಎಂದು ಕೂಗಿದರು ಮಾವ. “ಇಕ್ಕಳ ತಗೊಂಡು ಬಾ.”

ಏನು ಕೆಟ್ಟಿತೋ ಎಂದು ಅವಳು ಒದ್ದೆ ಕೈಯಲ್ಲೇ ಇಕ್ಕಳ ಹಿಡಿದು ಓಡಿಬಂದಳು. ಮಾವ ಗಿಟಾರಿನಿಂದ ಕಣ್ಣೆತ್ತದೆ ಗೋಡೆಯ ಕಡೆ ಗದ್ದ ತೋರಿಸಿದರು.

“ಆ ಮೊಳೆ ಕಿತ್ತು ಹಾಕಮ್ಮಾ. ಅದಕ್ಕಿನ್ನು ಇಲ್ಲೇನು ಕೆಲಸ?”